ಹಳೆಯ ಮನೆಗಳನ್ನು ನೋಡಲು ಹೋದಾಗ



ರಜೆ ಬಂತೆಂದರೆ ದೇವಸ್ಥಾನ, ಜಲಪಾತ, ಕಡಲತೀರಗಳ ಜೊತೆಗೆ ಈಗ ಇನ್ನೊಂದು ಬಗೆಯ ಜಾಗವೂ ನಮ್ಮ ಪ್ರವಾಸದ ಪಟ್ಟಿಗೆ ಸೇರಿಕೊಂಡಿದೆ. ಅದು ಹಳೆಯ ಮನೆ. ಯಾರದೋ ಅಜ್ಜನೋ ಮುತ್ತಜ್ಜನೋ ಕಟ್ಟಿಸಿ, ನಾಲ್ಕು ತಲೆಮಾರು ಬಾಳಿ, ಬೀಳುವುದರಲ್ಲಿದ್ದಾಗ ಯಾರೋ ಪುಣ್ಯಾತ್ಮರು ಎತ್ತಿ ನಿಲ್ಲಿಸಿದ ಮನೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ಇದೆ. ಮಣಿಪಾಲದಲ್ಲಿ ಹಸ್ತಶಿಲ್ಪ ಪರಂಪರೆ ಗ್ರಾಮವಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಇದೆ. ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದ ಆ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಒಡೆಯಲು ಶುರುಮಾಡಿದ್ದರು. ಪತ್ರಿಕೆಗಳೂ ಓದುಗರೂ ದನಿಯೆತ್ತಿದ ಮೇಲೆ ಕೆಲಸ ನಿಂತಿತು; ಮಹಾನಗರಪಾಲಿಕೆ ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ಜನರಿಗೆ ಬಿಟ್ಟುಕೊಟ್ಟಿತು.

ಇದು ಒಳ್ಳೆಯ ಕಾಲ ಎಂದೇ ನಾನು ತಿಳಿದಿದ್ದೇನೆ. ಐವತ್ತು ವರ್ಷಗಳ ಹಿಂದೆ ಹಳೆಯ ಮನೆ ಎಂದರೆ ಕೆಡವಬೇಕಾದ್ದು ಎಂದಷ್ಟೇ ಅರ್ಥವಿತ್ತು. ಈಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆದರೆ ಅಲ್ಲಿ ಹೋಗಿ ನಾವು ನೋಡುವುದೇನು? ಕಂಬ ನೋಡುತ್ತೇವೆ. ಬಾಗಿಲವಾಡದ ಕೆತ್ತನೆ ನೋಡುತ್ತೇವೆ. ‘ಎಷ್ಟು ದಪ್ಪದ ಮರ ನೋಡು’ ಎನ್ನುತ್ತೇವೆ, ಫೋಟೋ ತೆಗೆಸಿಕೊಂಡು ಹೊರಡುತ್ತೇವೆ. ಮನೆ ಎನ್ನುವುದು ಕಂಬವಲ್ಲ, ಬದುಕಿನ ಏರ್ಪಾಡು. ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿಯವರೆಗೆ ಬರಬಹುದು, ಬೆಳೆದ ಭತ್ತ ಎಲ್ಲಿಗೆ ಹೋಗಬೇಕು, ಹೊಗೆ ಯಾವ ದಾರಿ ಹಿಡಿಯಬೇಕು ಎಂಬುದನ್ನೆಲ್ಲ ಮರ, ಮಣ್ಣು, ಕಲ್ಲಿನಲ್ಲಿ ತೀರ್ಮಾನ ಮಾಡಿಟ್ಟದ್ದೇ ಮನೆ. ಅದನ್ನು ಓದಲು ಬಂದರೆ ಮಾತ್ರ ನಾವು ಮನೆ ನೋಡಿದ ಹಾಗೆ.

ಕುಪ್ಪಳಿಯನ್ನೇ ತೆಗೆದುಕೊಳ್ಳಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. ಕಾಡಿನ ತಪ್ಪಲಲ್ಲಿ ಮೂರಂತಸ್ತಿನ ಹೆಂಚಿನ ಮನೆ, ನಡುವೆ ತೊಟ್ಟಿ, ಸುತ್ತ ಮರದ ಕಂಬಗಳ ಸಾಲು. ಶಿಥಿಲವಾಗಿದ್ದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಪುನರುಜ್ಜೀವನಗೊಳಿಸಿ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಕವಿ ಬಳಸಿದ ವಸ್ತುಗಳು, ಪುಸ್ತಕಗಳು, ಮಲೆನಾಡಿನ ಗೃಹೋಪಯೋಗಿ ಸಾಮಾನುಗಳು ಅಲ್ಲಿವೆ. ಪಕ್ಕದ ಗುಡ್ಡ ಕವಿಶೈಲ. 1994ರ ನವೆಂಬರಿನಲ್ಲಿ ಕವಿಯ ದೇಹವನ್ನು ಬೆಂಕಿಗೆ ಒಪ್ಪಿಸಿದ್ದು ಅಲ್ಲಿಯೇ.

ಆ ಮನೆಗೆ ಹೋಗುವ ಮುಂಚೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೂ ಓದದವರಿಗೂ ಕಾಣುವ ಮನೆಗಳು ಬೇರೆ ಬೇರೆ. 1967ರಲ್ಲಿ ಬಂದ ಆ ಕಾದಂಬರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿದೆ. ಅಂಗಳ, ಜಗಲಿ, ಒಳಜಗಲಿ, ಅಡುಗೆಮನೆ, ಹಿತ್ತಿಲು ಎಂಬ ಗೆರೆಗಳೆಲ್ಲ ಅಲ್ಲಿ ಜೀವಂತ. ಒಡೆಯ ಜಗಲಿಯ ಮೇಲೆ, ಒಕ್ಕಲು ಜಗಲಿಯ ಅಂಚಿನಲ್ಲಿ, ಜೀತದಾಳು ಅಂಗಳದ ಆಚೆ. ಇದನ್ನು ತಿಳಿದು ನಿಂತಾಗ, ಜಗಲಿಯ ಎತ್ತರ ಬರಿಯ ಮಳೆನೀರು ತಡೆಯಲು ಇಟ್ಟದ್ದಲ್ಲ ಎಂದು ಗೊತ್ತಾಗುತ್ತದೆ. ಅಂಗಳದಿಂದ ಜಗಲಿಗೆ ಹತ್ತುವ ಆ ಎರಡು ಮೂರು ಮೆಟ್ಟಿಲನ್ನು ತಲೆಮಾರುಗಟ್ಟಲೆ ಹತ್ತಲಾಗದವರಿದ್ದರು. ಆ ಮನೆಗೆ ಬೇಕಾದ ಅನ್ನವನ್ನು ಬೆಳೆದವರೂ ಅವರೇ. ನನ್ನ ಮನಸ್ಸಿನಲ್ಲಿರುವುದು ಇಷ್ಟು: ಜೀರ್ಣೋದ್ಧಾರಗೊಂಡ ಪ್ರತಿಯೊಂದು ದೊಡ್ಡಮನೆಯಲ್ಲೂ ಮಾಹಿತಿ ಹೇಳುವವರು ಕಂಬದ ಸುತ್ತಳತೆ ಹೇಳುವ ಮುಂಚೆ ಈ ಮೆಟ್ಟಿಲಿನ ಕಥೆ ಹೇಳಬೇಕು. ಅದನ್ನು ಬಿಟ್ಟು ‘ಆ ಕಾಲದ ವೈಭವ’ ಎಂದರೆ ಅರ್ಧ ಮನೆಯನ್ನಷ್ಟೇ ಉಳಿಸಿದಂತಾಯಿತು.

ಇನ್ನು ಒಳಗೆ ಬನ್ನಿ. ಕರಾವಳಿಯ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಎಲ್ಲರೂ ಬೇಗ ದಾಟಿ ಹೋಗುವ ಜಾಗ ಅಡುಗೆಮನೆ. ಅಲ್ಲಿ ಕೆತ್ತನೆ ಇರುವುದಿಲ್ಲ, ಬೆಳಕು ಕಡಿಮೆ, ಗೋಡೆ ಕಪ್ಪು. ನಾನು ಮಾತ್ರ ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ. ತಲೆಯೆತ್ತಿ ನೋಡಿ. ಒಲೆಯ ಮೇಲ್ಗಡೆ ಅಟ್ಟವಿರುತ್ತದೆ. ಒಲೆಯ ಹೊಗೆ ನೇರ ಹೊರಗೆ ಹೋಗದೆ ಅಟ್ಟದ ಸಂದುಗಳಲ್ಲಿ ಸುತ್ತಾಡಿ, ಹೆಂಚಿನ ಅಥವಾ ಹುಲ್ಲಿನ ಮಾಡಿನೊಳಗೆ ನುಸುಳಿ ನಿಧಾನವಾಗಿ ಆಚೆ ಹೋಗುವ ಹಾಗೆ ಕಟ್ಟಿದ್ದಾರೆ. ಆ ಹೊಗೆಯಿಂದ ಏನೆಲ್ಲ ಕೆಲಸ! ಬೀಜದ ಸೌತೆ, ಹೀರೆ, ಸೋರೆ ಅಟ್ಟದಲ್ಲಿ ಒಣಗಿ ಹುಳ ಹಿಡಿಯದೆ ಮುಂದಿನ ಮಳೆಗಾಲದವರೆಗೆ ಉಳಿಯುತ್ತಿದ್ದವು. ಬಣ್ಣದ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಿದ್ದರು. ಮಳೆಗಾಲದಲ್ಲಿ ತರಕಾರಿ ಸಿಗದ ತಿಂಗಳುಗಳಿಗೆ ಅವೇ ಹುಳಿಗೆ, ಪಲ್ಯಕ್ಕೆ ಆಗಬೇಕು. ಒಣಹುಲ್ಲನ್ನು ಸುತ್ತಿ ಹಗ್ಗ ಬಿಗಿದು ಕಟ್ಟಿದ ಅಕ್ಕಿಮುಡಿಗಳು, ಒಂದೊಂದು 40 ಕಿಲೋ ಆಸುಪಾಸಿನವು, ಅಟ್ಟದ ಮೇಲೆ ಬೆಚ್ಚಗೆ ಕೂತಿರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಆ ಹೊಗೆ ಮರವನ್ನು ಕಾಯುತ್ತಿತ್ತು. ಹೊಗೆ ಕುಡಿದ ಪಕ್ಕಾಸಿಗೆ ಕುಟ್ಟೆ ಬೀಳುವುದು ಕಡಿಮೆ.

ಮನೆ ಸ್ಮಾರಕವಾದೊಡನೆ ಮೊದಲು ಆರುವುದು ಒಲೆ. ಒಲೆ ಆರಿದ ಎರಡು ಮೂರು ಮಳೆಗಾಲಗಳಲ್ಲಿ ಮಾಡಿನಲ್ಲಿ ತೇವ ಕೂರುತ್ತದೆ, ಮರದಿಂದ ಹಳದಿ ಪುಡಿ ಉದುರಲು ಶುರುವಾಗುತ್ತದೆ. ಆಗ ಗೇರೆಣ್ಣೆ ಬಳಿಯಬೇಕು, ಔಷಧಿ ಹೊಡೆಯಬೇಕು, ವರ್ಷವರ್ಷವೂ ಖರ್ಚು ಮಾಡಬೇಕು. ಮೊದಲು ದಿನದ ಅಡುಗೆ ತಾನಾಗಿಯೇ ಮಾಡುತ್ತಿದ್ದ ಕೆಲಸಕ್ಕೆ ಈಗ ಬಜೆಟ್ ಬೇಕು. ಮನೆಯಲ್ಲಿ ಜನ ಮಲಗುತ್ತಿದ್ದಾಗ ಕಾವಲೂ ಹಾಗೆಯೇ ತಾನಾಗಿ ನಡೆಯುತ್ತಿತ್ತು. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರಿಗೆ ಬಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದಾಗ ಇಡೀ ನಾಡು ನೊಂದಿತು. ಯಾರೂ ವಾಸವಿಲ್ಲದ ಮನೆಯನ್ನು ಕಾಯುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಚ್ಚಿಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕೋಣೆಗಳ ಮೇಲೆ ಹಲಗೆ ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ, ಅದಕ್ಕೂ ಮೇಲೆ ಮಾಡು ಕಟ್ಟಿರುತ್ತಾರೆ. ಬೇಸಗೆಯಲ್ಲಿ ಕೋಣೆ ತಂಪಾಗಿರುವುದು ಇದರಿಂದ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಮಾಡು ಹುಲ್ಲಿನದಾಗಿದ್ದ ಕಾಲದಲ್ಲಿ ಬೆಂಕಿ ಬಿದ್ದರೆ ಮಾಡು ಮಾತ್ರ ಉರಿದುಹೋಗಿ, ಮುಚ್ಚಿಗೆಯ ಮಣ್ಣು ಕೆಳಗಿನ ಮನೆಯನ್ನು ಉಳಿಸುತ್ತಿತ್ತು. ಮಂಗಳೂರು ಹೆಂಚು ಬಂದದ್ದು ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಕಾರ್ಖಾನೆ ತೆರೆದ ಮೇಲೆ. ಅದಕ್ಕೂ ಹಿಂದಿನ ಎಷ್ಟೋ ದೊಡ್ಡಮನೆಗಳು ಮೊದಲು ಹುಲ್ಲು ಹೊದ್ದವೇ. ಆದ್ದರಿಂದ ‘ಮೂಲ ರೂಪಕ್ಕೆ ತಂದಿದ್ದೇವೆ’ ಎಂದು ಯಾರಾದರೂ ಹೇಳಿದಾಗ, ಯಾವ ಕಾಲದ ಮೂಲ ರೂಪ ಎಂದು ಕೇಳುವುದು ತಪ್ಪಲ್ಲ. ಹುಲ್ಲಿನ ಕಾಲದ್ದೋ, ಹೆಂಚಿನ ಕಾಲದ್ದೋ, ಕಿಟಕಿಗೆ ಬಣ್ಣದ ಗಾಜು ಕೂತ ಕಾಲದ್ದೋ? ಮನೆ ಒಂದೇ ದಿನ ಕಟ್ಟಿ ಮುಗಿದದ್ದಲ್ಲ. ಮಗಳ ಮದುವೆಗೆ ಒಂದು ಚಾವಡಿ, ಅಡಿಕೆಗೆ ಬೆಲೆ ಬಂದ ವರ್ಷ ಒಂದು ಮಾಳಿಗೆ, ಹೀಗೆ ಬೆಳೆಯುತ್ತ ಬಂದದ್ದು. ಜೀರ್ಣೋದ್ಧಾರ ಮಾಡುವವರು ಈ ಪದರಗಳನ್ನು ಒರೆಸಿಹಾಕದೆ ಉಳಿಸಿಕೊಳ್ಳಬೇಕು.

ಈ ಮನೆಗಳು ಖಾಲಿಯಾದದ್ದು ಯಾಕೆ? ಊರು ಬಿಟ್ಟು ಬೊಂಬಾಯಿ, ಬೆಂಗಳೂರು ಸೇರಿದ ಮಕ್ಕಳು ಎಂಬುದು ಸುಲಭದ ಉತ್ತರ. ಅದಷ್ಟೇ ಅಲ್ಲ. ತುಳುನಾಡಿನ ಗುತ್ತಿನಮನೆಗಳು, ಅಂದರೆ ಭೂಮಾಲೀಕ ಮನೆತನಗಳ ದೊಡ್ಡಮನೆಗಳು, ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಅಳಿಯಕಟ್ಟಿನ ಕೂಡುಕುಟುಂಬಗಳಿಗೆ ಕಟ್ಟಿದವು. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆ ಆಸ್ತಿ ಪಾಲಾಗಲು ದಾರಿಯಾಯಿತು. ಆಮೇಲೆ 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯನಾದ. ಗೇಣಿಯ ಭತ್ತ ಬರುವುದು ನಿಂತಿತು. ನೂರು ಮುಡಿ ಹಿಡಿಯುವ ಪತ್ತಾಯಕ್ಕೆ, ಅಂದರೆ ಕಣಜಕ್ಕೆ, ತುಂಬಲು ಏನೂ ಇಲ್ಲದಾಯಿತು. ಹೆಂಚು ಕೈಯಾಡಿಸಲು, ಅಂಗಳ ಸಾರಿಸಲು ಬಿಟ್ಟಿ ಕೈಗಳು ಸಿಗಲಿಲ್ಲ. ಅದು ಆಗಬೇಕಾದ್ದೇ. ಆ ಕಾನೂನಿನಿಂದ ಎಷ್ಟೋ ಒಕ್ಕಲು ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ದೊಡ್ಡಮನೆ ಬಿತ್ತು ಎಂದು ಕಣ್ಣೀರು ಹಾಕುವವರು ಅದರ ಪಕ್ಕದಲ್ಲೇ ಎದ್ದ ನೂರು ಸಣ್ಣ ಮನೆಗಳನ್ನೂ ನೋಡಬೇಕು. ಆದರೂ ಮನೆ ಬಿದ್ದರೆ ಅದರಲ್ಲಿದ್ದ ಆಚಾರಿಗಳ ಕೈಚಳಕ, ಮಣ್ಣಿನ ಗೋಡೆ ಕಟ್ಟಿದವರ ಬುದ್ಧಿ, ಹೆಂಗಸರು ರೂಢಿಸಿಕೊಂಡ ಅಟ್ಟದ ವಿದ್ಯೆ ಎಲ್ಲವೂ ಬೀಳುತ್ತವೆ. ಅವೆಲ್ಲ ಒಡೆಯರ ಸೊತ್ತಲ್ಲ, ದುಡಿದವರದ್ದು. ಅದಕ್ಕಾಗಿಯೇ ಉಳಿಸಬೇಕು ಎನ್ನುವುದು ನನ್ನ ವಾದ.

ಪಾಲಾದ ಮನೆಯ ಬಾಗಿಲಿಗೆ ಮೊದಲು ಬಂದವರು ಮರದ ವ್ಯಾಪಾರಿಗಳು. ಹಲಸು, ಬೋಗಿ, ಸಾಗುವಾನಿಯ ಕಂಬಗಳು, ಮುಚ್ಚಿಗೆಯ ಹಲಗೆಗಳು ಲಾರಿ ಏರಿದವು. ನಗರದ ಹೋಟೆಲುಗಳ ಮುಂಬಾಗಿಲಾದವು, ಕೆಲವು ಸಮುದ್ರ ದಾಟಿದವು. ಇದನ್ನು ಕಂಡು ಸುಮ್ಮನಿರಲಾಗದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನ ನೌಕರರಾಗಿದ್ದ ಅವರು ಕೆಡವಿದ ಮನೆಗಳಿಂದ ಕಂಬ, ಬಾಗಿಲು, ಕಿಟಕಿಗಳನ್ನು ಸಂಗ್ರಹಿಸಿ ಮೊದಲು ಕಟ್ಟಿದ್ದು ತಮ್ಮ ವಾಸದ ಮನೆಯನ್ನೇ. ಅದನ್ನು ನೋಡಲು ಬರುವ ಜನ ಹೆಚ್ಚುತ್ತ ಹೋದರು. ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸುವ ಸಾಹಸಕ್ಕೆ ಇಳಿದರು. ಕುಂಜೂರು ಚೌಕಿಮನೆ, ಮಿಯಾರು ಮನೆ, ಹರ್ಕೂರು ಒಳಗಿನ ಮನೆ, ಭಟ್ಕಳದ ನವಾಯತರ ಮನೆ, ಮುಧೋಳ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲು, ಹುಮನಾಬಾದಿನ ನವಾಬ ಮಹಲು ಎಲ್ಲ ಈಗ ಹಸ್ತಶಿಲ್ಪ ಪರಂಪರೆ ಗ್ರಾಮದ ಒಂದೇ ಬಯಲಿನಲ್ಲಿ ನೆರೆಹೊರೆಯಾಗಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಒಂದು ಮನೆಯನ್ನು ಬಿಚ್ಚಿ ತರಲು ಸಾಧ್ಯವಾದದ್ದಾದರೂ ಹೇಗೆ? ಉತ್ತರ ಆಚಾರಿಗಳ ಕೆಲಸದಲ್ಲಿದೆ. ಹಳೆಯ ಮರಗೆಲಸದಲ್ಲಿ ಕಬ್ಬಿಣದ ಮೊಳೆ ಅಪರೂಪ. ತೊಲೆಯ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದು ಬಿಗಿ ಮಾಡುತ್ತಿದ್ದರು. ಬೆಣೆ ತಟ್ಟಿ ತೆಗೆದರೆ ಮನೆ ಬಿಚ್ಚಿಕೊಳ್ಳುತ್ತದೆ. ಪ್ರತಿ ತುಂಡಿಗೂ ನಂಬರು ಹಾಕಿ, ನಕ್ಷೆ ಬರೆದು, ಫೋಟೋ ತೆಗೆದು ಸಾಗಿಸಿದರೆ ಇನ್ನೊಂದು ಕಡೆ ಅದೇ ಕ್ರಮದಲ್ಲಿ ನಿಲ್ಲಿಸಬಹುದು. ಕಟ್ಟಿದ ಆಚಾರಿ ಸತ್ತು ನೂರು ವರ್ಷವಾದ ಮೇಲೂ ಇವತ್ತಿನ ಆಚಾರಿ ಆ ತೂತು, ಆ ಬೆಣೆ ನೋಡಿ ಕೆಲಸ ಅರ್ಥಮಾಡಿಕೊಳ್ಳುತ್ತಾನೆ. ಮಣಿಪಾಲಕ್ಕೆ ಹೋದವರು ಜೋಡಣೆಗಳನ್ನು ಹತ್ತಿರದಿಂದ ನೋಡಿ. ಕೆತ್ತನೆಗಿಂತ ದೊಡ್ಡ ವಿದ್ಯೆ ಅಲ್ಲಿದೆ.

ಕಿತ್ತು ತಂದ ಮನೆ ಮನೆಯಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಕುಂಜೂರಿನ ಮನೆಗೆ ಕುಂಜೂರಿನ ಬಾವಿ, ಗದ್ದೆ, ನಾಗಬನ ಬೇಕು. ಅದು ಮಣಿಪಾಲದ ಗುಡ್ಡೆಗೆ ಬರಲಾರದು. ಆದರೆ ಆ ಮನೆಗಳ ಮುಂದಿದ್ದ ಇನ್ನೊಂದು ದಾರಿ ಮರದ ಅಡ್ಡೆ. ಅದನ್ನು ನೆನೆದಾಗ ಶೆಣೈಯವರಿಗೆ ಕೈಮುಗಿಯದೆ ಬೇರೆ ಮಾತಿಲ್ಲ. ಇದ್ದಲ್ಲೇ ಉಳಿಸುವುದು ಉತ್ತಮ. ಆಗದಿದ್ದರೆ ಬಿಚ್ಚಿ ತಂದು ಉಳಿಸುವುದು ಮಧ್ಯಮ. ಕಂಬವೊಂದನ್ನೇ ಕಿತ್ತು ಹೋಟೆಲಿನಲ್ಲಿ ನಿಲ್ಲಿಸುವುದನ್ನು ಉಳಿಸುವುದು ಎನ್ನಲಾಗದು.

ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ನಮ್ಮ ಇಳಕಲ್ಲಿನ ಒಬ್ಬ ನೇಕಾರನ ಮನೆ ಇದೆ. ಕನ್ನಡಿಗರು ಹೋದರೆ ತಪ್ಪದೆ ನೋಡಬೇಕು. ಅದು ಒಡೆಯರ ಮನೆಯಲ್ಲ, ದುಡಿದು ಉಣ್ಣುವವನ ಮನೆ. ನೇಕಾರರ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಜಾಗ ಮಗ್ಗಕ್ಕೇ ಮೀಸಲು, ಮನುಷ್ಯರು ಉಳಿದ ಜಾಗದಲ್ಲಿ ಬಾಳಬೇಕು. ಆದರೆ ಬಾಗಲಕೋಟೆ ಜಿಲ್ಲೆಯ ನೇಕಾರನ ಮನೆಯನ್ನು ಹೀಗೆ ಜತನದಿಂದ ನೋಡಲು ನಾವು ತಮಿಳುನಾಡಿಗೆ ಹೋಗಬೇಕಾಗಿದೆ ಎಂಬುದು ನನಗೆ ನೋವಿನ ಸಂಗತಿ. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಗಳು, ಜಂತಿಯ ನಡುವಿನ ಬೆಳಕಿಂಡಿ, ಜೋಳ ತುಂಬಿ ಬಾಯಿಮುಚ್ಚುತ್ತಿದ್ದ ಹಗೇವು, ಪಡಸಾಲೆಯ ಪಕ್ಕದಲ್ಲೇ ಎತ್ತುಗಳು ನಿಲ್ಲುತ್ತಿದ್ದ ದಂದಕ್ಕಿ, ಇವೆಲ್ಲ ಒಂದೊಂದಾಗಿ ಆರ್‌ಸಿಸಿ ಚಪ್ಪಡಿಯ ಕೆಳಗೆ ಹೋಗುತ್ತಿವೆ. ಸಾಮಾನ್ಯ ರೈತನ ಮನೆ, ಕುಂಬಾರನ ಮನೆ, ನೇಕಾರನ ಮನೆಯನ್ನು ನಮ್ಮಲ್ಲಿ ಉಳಿಸಿದವರು ತೀರಾ ಕಡಿಮೆ. ದೊಡ್ಡಮನೆಗೆ ಹಾಕುವ ಹಣದಲ್ಲಿ ಇಂಥ ಹತ್ತು ಮನೆ ಉಳಿಸಬಹುದು.

ಹಾಗೆಯೇ, ಕೈಯಲ್ಲಿ ಹಣವಿದೆ ಎಂದು ಸಿಮೆಂಟು ಬಳಿಯುವವರಿಗೆ ಒಂದು ವಿನಂತಿ. ಮಣ್ಣಿನ, ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಸಿಮೆಂಟು ಬಳಿದರೆ ಒಳಗೆ ಸೇರಿದ ತೇವಕ್ಕೆ ಹೊರಬರಲು ದಾರಿಯಿಲ್ಲ. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಮೊದಲು ಲಡ್ಡಾಗುತ್ತದೆ, ಅದು ಹೊರಗೆ ಕಾಣುವುದೂ ಇಲ್ಲ. ಗೋಡೆ ನೋಡಲು ನುಣ್ಣಗೆ, ಒಳಗೆ ಮರ ಪುಡಿ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯಿಂದಲೇ ಸತ್ತ ಮನೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ.

ತಮಿಳುನಾಡಿನ ಚೆಟ್ಟಿನಾಡಿನ ದಾರಿ ಬೇರೆ. ಬರ್ಮಾ, ಸಿಲೋನು, ಮಲಯಾಗಳಲ್ಲಿ ಲೇವಾದೇವಿ ಮಾಡಿ ಗಳಿಸಿದ ಹಣದಲ್ಲಿ, ಬರ್ಮಾದ ಸಾಗುವಾನಿ ತರಿಸಿ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಚಾಚುವ ಮನೆಗಳನ್ನು ಅಲ್ಲಿಯವರು ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಕೈಬಿಟ್ಟಿತು, ಮನೆಗಳಿಗೆ ಬೀಗ ಬಿತ್ತು. ಈಗ ಕೆಲವನ್ನು ತಂಗುವ ಹೋಟೆಲುಗಳಾಗಿ ಮಾಡಿದ್ದಾರೆ. ಮನೆಯನ್ನು ಹೋಟೆಲು ಮಾಡುವುದೇ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು: ಅಲ್ಲಿ ಒಲೆ ಉರಿಯುತ್ತಿದೆ, ರಾತ್ರಿ ಜನ ಮಲಗುತ್ತಾರೆ, ಹತ್ತಿರದ ಆತ್ತಂಗುಡಿಯಲ್ಲಿ ಗಾಜಿನ ಮೇಲೆ ಬಣ್ಣ ಹೊಯ್ದು ನೆಲದ ಬಿಲ್ಲೆ ಮಾಡುವವರಿಗೆ ಕೆಲಸ ಸಿಗುತ್ತಿದೆ. ಬೀಗಕ್ಕಿಂತ ಅದು ಮೇಲು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕೊಡಗಿನ ಐನ್‌ಮನೆಗಳ ರೀತಿ. ಅವು ಪ್ರವಾಸಿ ತಾಣಗಳಲ್ಲ. ಒಂದು ಒಕ್ಕದ, ಅಂದರೆ ಒಂದೇ ಮನೆತನದ ನೂರಾರು ಜನರಿಗೆ ಸೇರಿದವು. ವರ್ಷವಿಡೀ ಅಲ್ಲಿ ಯಾರಾದರೂ ಇಬ್ಬರೋ ಮೂವರೋ ಇರಬಹುದು. ಪುತ್ತರಿ ಹಬ್ಬ ಬಂದರೆ, ಮನೆತನದ ಮೂಲಪುರುಷನಾದ ಕಾರೋಣನಿಗೆ ಎಡೆ ಸಲ್ಲಿಸಬೇಕಾದ ದಿನ ಬಂದರೆ ಎಲ್ಲರೂ ಸೇರುತ್ತಾರೆ. ಹತ್ತಿರದಲ್ಲೇ ಹಿರಿಯರ ಗುಡಿಯಾದ ಕೈಮಡ ಇರುತ್ತದೆ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚುತ್ತಾರೆ. ಮುಂದಿನ ಜಗಲಿಯಲ್ಲಿ ಕಂಬಗಳ ನಡುವೆ ಕೂರಿಸಿದ ಅಗಲವಾದ ಹಲಗೆ ಐಮರ. ಅಲ್ಲಿ ಕೂರುವುದಕ್ಕೂ ಹಿರಿಯರು, ಕಿರಿಯರು ಎಂಬ ಕ್ರಮವಿದೆ. ಗುರುತಿನವರ ಜೊತೆ ಹೋದವರು ಇದನ್ನು ಕೇಳಿ ತಿಳಿದುಕೊಂಡೇ ಕೂರಬೇಕು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನ ಮೂಲೆಮೂಲೆ ತಿರುಗಿ ಈ ಐನ್‌ಮನೆಗಳ ಫೋಟೋ, ಚರಿತ್ರೆ, ಕಟ್ಟಡದ ವಿವರಗಳನ್ನು ದಾಖಲಿಸಿ ಪುಸ್ತಕ ಮಾಡಿದ್ದಾರೆ. ಸರ್ಕಾರದ ಇಲಾಖೆ ಮಾಡಬೇಕಾದ ಕೆಲಸವನ್ನು ಇಬ್ಬರು ತಮ್ಮ ಆಸ್ಥೆಯಿಂದ ಮಾಡಿದರು.

ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನರಿಗೆ ಊರಿನಲ್ಲಿ ಒಂದು ಹಳೆಯ ಮನೆ ಇನ್ನೂ ಇದ್ದೀತು. ಅದನ್ನು ಉಳಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಎಲ್ಲ ಮನೆಗಳೂ ಉಳಿಯಲಾರವು. ಆದರೆ ಮುಂದಿನ ಸಲ ಹಬ್ಬಕ್ಕೆ ಹೋದಾಗ ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದುಕೊಂಡು ಹೋಗಿ. ಕೋಣೆಗಳ ಅಳತೆ ಬರೆದುಕೊಳ್ಳಿ, ನಕ್ಷೆ ಹಾಕಿ. ಪ್ರತಿ ಕೋಣೆಗೂ ಮನೆಯವರು ಕರೆಯುತ್ತಿದ್ದ ಹೆಸರು ಬರೆಯಿರಿ. ಬಾಣಂತಿ ಕೋಣೆ ಯಾವುದು, ಮುಟ್ಟಾದವರು ಕೂರುತ್ತಿದ್ದ ಜಾಗ ಯಾವುದು, ಆಳುಗಳಿಗೆ ಊಟ ಬಡಿಸುತ್ತಿದ್ದದ್ದು ಎಲ್ಲಿ ಎಂದು ಮನೆಯ ಅಜ್ಜಿಯನ್ನೂ, ಆ ಮನೆಯಲ್ಲಿ ದುಡಿದ ಹಿರಿಯರು ಬದುಕಿದ್ದರೆ ಅವರನ್ನೂ ಕೇಳಿ. ಮೊಬೈಲಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಅದರ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ, ಊರಿನ ಗ್ರಂಥಾಲಯಕ್ಕೋ ಕೊಡಿ. ಮರದ ವ್ಯಾಪಾರಿ ಬರುವ ಮುಂಚೆ ಈ ಕೆಲಸ ಮುಗಿಸಿ.